ಕೊನೆಯ ಎರಡು ಸಾಲು

ಕಲಬುರಗಿ
14 ಮಾರ್ಚ್ 2010

ಕಾಶಿರಾಯ ಮಾವನವರಿಗೆ,

ದೊಡ್ಡವರಿಗೆ ಬರೆಯುವಾಗ ‘ತೀರ್ಥರೂಪ’ ಎಂದು ಶುರುಮಾಡಬೇಕೆಂದು ಹಾಸ್ಟೆಲಿನಲ್ಲಿ ಕಲಿಸಿದ್ದಾರೆ. ಎರಡು ಸಲ ಬರೆದೆ, ಎರಡು ಸಲ ಹೊಡೆದುಹಾಕಿದೆ. ನಾನು ನಿಮ್ಮ ಅಕ್ಕನ ಮಗಳು ಎಂಬುದಷ್ಟೇ ಈ ಪತ್ರಕ್ಕೆ ಸಾಕು.

ಅಂಗಡಿ ದೊಡ್ಡದು ಮಾಡಲು ಬ್ಯಾಂಕಿನವರು ನಿಮಗೆ ಸಾಲ ಕೊಡಲಿಲ್ಲವೆಂದು ಅವ್ವ ಫೋನಿನಲ್ಲಿ ಹೇಳಿದಳು. ಶಹಾಬಜಾರದ ನಿಮ್ಮ ಅಂಗಡಿಯ ಪಕ್ಕದ ಮಳಿಗೆಗೆ ಅಡ್ವಾನ್ಸನ್ನೂ ಕೊಟ್ಟು ಕೂತಿದ್ದಿರಂತೆ. “ಹಳೇ ಟೆಂಪೋ ಸಾಲ ತೀರಿಸೀನಲ್ರೀ, ಇನ್ನೇನ್ ಬೇಕು ನಿಮಗ?” ಎಂದು ಮ್ಯಾನೇಜರ ಮೇಲೆ ಕೂಗಾಡಿದಿರಂತೆ. ಅದನ್ನು ಕೇಳಿದ ದಿನ ನಾನು ಮೆಸ್ಸಿನಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಏಕೆಂದರೆ ಅದು ನಾನು ಮಾಡಿದ ಕೆಲಸ.

ನವೆಂಬರಿನಲ್ಲಿ ನೀವು ಹಾಸ್ಟೆಲಿಗೆ ಬಂದಿರಿ. ಎಷ್ಟೋ ವರ್ಷದ ಮೇಲೆ ಬಂದವರ ಕೈಯಲ್ಲಿ ಕೆಂಪು ಬಾಳೆಹಣ್ಣು. ಕಮಲಾಪುರದ ಹುಡುಗಿಗೆ ಕಮಲಾಪುರದ್ದೇ ಹಣ್ಣು, ಅದೂ ಕಲಬುರಗಿಯಲ್ಲಿ ಕೊಂಡದ್ದು. ಜೇಬಿನಲ್ಲಿ ಟೆಂಪೋಗೆ ಸಾಲ ಕೊಟ್ಟ ಫೈನಾನ್ಸಿನವರ ಇಂಗ್ಲಿಷ್ ಪತ್ರ. “ನೀ ನರ್ಸಿಂಗ್ ಓದಾಕಿ, ಓದಿ ಹೇಳವಾ. ಪೂರಾ ನಲವತ್ತೊಂದು ಸಾವಿರ ತುಂಬ್ಲೋ, ಇಲ್ಲಾ ಅವರು ಅಂದಂಗ ಹದಿನೆಂಟು ತುಂಬಿ ಕೈ ತೊಳ್ಕೊಳ್ಲೋ?” ಎಂದಿರಿ. ನಾನು ಎರಡು ಸಲ ಓದಿ, “ಹದಿನೆಂಟು ಸಾಕು ಮಾವ” ಎಂದೆ. “ಭಾಳ ಶಾಣ್ಯಾಕಿ ಆಗೀದಿ” ಎಂದು ತಲೆ ಸವರಿದಿರಿ.

ಕೊನೆಯ ಎರಡು ಸಾಲು ನಾನು ಹೇಳಲಿಲ್ಲ. ಕಡಿಮೆ ಕಟ್ಟಿದರೆ ಸಾಲ ‘ಕ್ಲೋಸ್ಡ್’ ಎಂದಾಗುವುದಿಲ್ಲ, ಕ್ರೆಡಿಟ್ ರಿಪೋರ್ಟಿನಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ ಎಂದು ಅಲ್ಲಿತ್ತು. ಅಂದರೆ ಪೂರ್ತಿ ಕೊಡದೆ ಚೌಕಾಸಿ ಮಾಡಿ ಮುಗಿಸಿದವನು. ಯಾವ ಬ್ಯಾಂಕಿಗೆ ಹೋದರೂ ಆ ಮಾತು ನಿಮಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಏಕೆ ಹೀಗೆ ಮಾಡಿದೆ ಎಂದು ಕೇಳುವಷ್ಟು ಮರೆವು ನಿಮಗಿರಬಹುದು. 2005ರ ಬೇಸಿಗೆ ರಜೆಗೆ ನಾನು ಊರಿಗೆ ಬಂದಿದ್ದೆ. ನೀವು ಟೆಂಪೋ ಸಾಲದ ಕಂತು ನಿಲ್ಲಿಸಿದ್ದಿರಿ, ಜಾಮೀನು ಹಾಕಿದವರು ಅಪ್ಪ. ವಸೂಲಿಯ ಇಬ್ಬರು ಗಂಡಸರು ಮೂರು ದಿನ ನಮ್ಮ ಕಟ್ಟೆಯ ಮೇಲೆ ಕೂತರು. “ಮಗಳನ್ನ ಹಾಸ್ಟೆಲ್‌ನಾಗ ಓದಸಾಕ ರೊಕ್ಕ ಅದ, ನಮಗ ಕೊಡಾಕ ಇಲ್ಲೇನು?” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಶಾಲೆಯ ಜವಾನರಾಗಿದ್ದ ಅಪ್ಪ ಹಿತ್ತಲ ಬಾಗಿಲಿಂದ ನುಸುಳಿ ಹೋಗಿ ಶಾಲೆಯ ಆಫೀಸಿನ ಬೀಗ ತೆಗೆದು ಬರುತ್ತಿದ್ದರು. ಅವ್ವ ನಿಮಗೆ ಫೋನು ಮಾಡಿದರೆ ನೀವು ಹೇಳಿದ್ದೇನು? “ಚಹಾ ಕುಡಿಸಿ ಕಳಸಕ್ಕಾ, ಕೂತು ಕೂತು ಅವರಿಗೇ ಬ್ಯಾಸರಾಗ್ತದ.” ಆಮೇಲೆ ಐದು ಪಂಚಮಿ ಹೋದವು. ಒಂದಕ್ಕೂ ಅವ್ವನನ್ನು ತವರಿಗೆ ಕರೆಯಲು ನೀವು ಬರಲಿಲ್ಲ.

ಇಲ್ಲಿಗೇ ಪತ್ರ ಮುಗಿಸಿದ್ದರೆ ನನಗೆ ಎಷ್ಟು ಚೆನ್ನಾಗಿರುತ್ತಿತ್ತು.

ಹೋದ ಮಂಗಳವಾರ ಅಪ್ಪ ನನ್ನ ಫೀಸಿನ ಸಾಲಕ್ಕೆ ಕಮಲಾಪುರದ ಬ್ಯಾಂಕಿಗೆ ಹೋಗಿದ್ದರು. ಮ್ಯಾನೇಜರು ಕಂಪ್ಯೂಟರ್ ನೋಡಿ, “ಚಂದ್ರಾಮಪ್ಪ, ನಿಮ್ಮ ಹೆಸರಿನ್ಯಾಗ ಸೆಟಲ್ಡ್ ಅಂತ ಅದಲ್ರೀ, ಯಾವ ಟೆಂಪೋ ಇದು?” ಎಂದರಂತೆ. ಅಪ್ಪ ಜನ್ಮದಲ್ಲಿ ಸೈಕಲ್ ಬಿಟ್ಟು ಬೇರೇನೂ ಕೊಂಡವರಲ್ಲ. ನವೆಂಬರಿನಲ್ಲೇ ಮಾಡಿಸಿಟ್ಟಿದ್ದ ಆ ಪತ್ರದ ಝೆರಾಕ್ಸನ್ನು ಹೊರತೆಗೆದು ನೋಡಿದೆ. ನಿಮ್ಮ ಮೇಲೆ ನಗಲೆಂದು ಇಟ್ಟುಕೊಂಡಿದ್ದೆ. ಕೊನೆಯ ಸಾಲಿನಲ್ಲಿ ಸಾಲಗಾರನ ಪಕ್ಕದಲ್ಲೇ ಜಾಮೀನುದಾರನೂ ಇದ್ದ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಕಲಿತ ನನ್ನ ಇಂಗ್ಲಿಷ್ ನಿಮ್ಮ ಹೆಸರು ಸಿಕ್ಕ ಖುಷಿಯಲ್ಲಿ ಅಲ್ಲಿಗೇ ಓದುವುದನ್ನು ನಿಲ್ಲಿಸಿತ್ತು.

ಫೈನಾನ್ಸಿನ ಆಫೀಸಿಗೆ ನಾನೇ ಹೋದೆ. ಸಲಾವುದ್ದೀನ್ ಎಂಬ ವಯಸ್ಸಾದ ಕ್ಲರ್ಕು ಹೇಳಿದರು: “ಉಳಿದ ಇಪ್ಪತ್ಮೂರು ಸಾವಿರ ತುಂಬ್ರಿ ಬೇಟಿ, ಕ್ಲೋಸ್ಡ್ ಅಂತ ಬದಲಿ ಮಾಡಿ ಕಳಸ್ತೀವಿ, ಬಾಕಿ ಇಲ್ಲಂತ ಚೀಟಿನೂ ಕೊಡ್ತೀವಿ. ಆದ್ರ ತಡಾ ಮಾಡಿದ ತಿಂಗಳು ಇನ್ನೂ ಕೆಲವು ವರ್ಷ ಕಾಣ್ತಾವ. ರೊಕ್ಕ ಕೊಟ್ರ ಅವು ಅಳಸಂಗಿಲ್ಲ.” ಆ ಚೀಟಿ ತಂದರೆ ಮೇಲಿನವರಿಗೆ ಬರೆದು ನೋಡುತ್ತೇನೆ ಎಂದು ಕಮಲಾಪುರದ ಬ್ಯಾಂಕಿನ ಮ್ಯಾನೇಜರು ಒಪ್ಪಿದ್ದಾರೆ. ಏಪ್ರಿಲ್ ಹದಿನೈದರೊಳಗೆ ಫೀಸು ತುಂಬದಿದ್ದರೆ ನನಗೆ ಹಾಲ್ ಟಿಕೆಟ್ ಇಲ್ಲ.

ಆದ್ದರಿಂದ ಮಾವ, ಆ ಇಪ್ಪತ್ಮೂರು ಸಾವಿರ ತುಂಬಿ. ನಿಮ್ಮ ಹೆಸರಿನ ಕೊಳೆಯೂ ಅದರಲ್ಲಿ ತೊಳೆದುಹೋಗುತ್ತದಲ್ಲ ಎಂದು ನನಗೆ ನಿದ್ದೆ ಬರುತ್ತಿಲ್ಲ. ನನ್ನ ಮಾತು ನಂಬಬೇಡಿ; ಝೆರಾಕ್ಸ್ ಜೊತೆಗಿಟ್ಟಿದ್ದೇನೆ, ಎದುರಂಗಡಿಯ ಶಫಿ ಚಾಚಾನಿಂದ ಕೊನೆಯವರೆಗೂ ಓದಿಸಿ. ಚೀಟಿಯನ್ನು ಬೇರೆಯವರ ಕೈಯಲ್ಲಿ ಕಳಿಸಬೇಡಿ. ಹಗಲಲ್ಲಿ ಕಮಲಾಪುರಕ್ಕೆ ಬನ್ನಿ, ಅದೇ ಕಟ್ಟೆಯ ಮೇಲೆ ಕೂತು, ಓಣಿಯವರು ಕೇಳುವಂತೆ ತಪ್ಪು ನಿಮ್ಮದೆಂದು ಅಪ್ಪನಿಗೆ ಹೇಳಿ. ಅವ್ವ ಚಹಾ ಕುಡಿಸುತ್ತಾಳೆ. ಬರದಿದ್ದರೆ ನಾನು ನಿಮ್ಮ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ. ನನಗೆ ಬೇಸರವಾಗುವುದಿಲ್ಲ.

ಏನನ್ನೂ ಮರೆಯದ,
ಭಾಗ್ಯವಂತಿ

ತಾ.ಕ.: ಹದಿನೆಂಟು ಸಾಕು ಎಂದವಳು ನಾನೆಂದು ಅಪ್ಪನಿಗೆ ಗೊತ್ತಿಲ್ಲ. ಅದನ್ನೂ ನಿಮ್ಮ ಲೆಕ್ಕಕ್ಕೇ ಹಾಕಿ ಬೈಯುತ್ತಿದ್ದಾರೆ, ನಾನು ಫೋನು ಹಿಡಿದು ಹೂಂ ಎನ್ನುತ್ತಿದ್ದೇನೆ. ಕಟ್ಟೆಯ ಮೇಲೆ ಕೂತಾಗ ಅದೊಂದನ್ನು ಹೇಳಬೇಡಿ ಮಾವ. ಕೈಮುಗಿಯುತ್ತೇನೆ.