ಅಂತೆ ಬಂದರೆ ಸಿಮಿಲಿ

ಹನ್ನೆರಡನೇ ತಾರೀಖು, ಗುರುವಾರ.

ನಿದ್ದೆ ಬಾರದ ರಾಜನ ಕಥೆಯನ್ನು ನನಗೆ ಮೊದಲು ಹೇಳಿದವರು ಸೋದರತ್ತೆ, ನನಗೆ ಏಳು ವರ್ಷವಿದ್ದಾಗ. ಅರವತ್ತು ವರ್ಷದ ಮೇಲೆ ಅದೇ ಕಥೆ ಇಂಗ್ಲಿಷ್ ತರಗತಿಯಲ್ಲಿ ನನ್ನ ಮಾನ ಕಳೆಯುತ್ತದೆಂದು ಪಾಪ ಅವರಿಗೇನು ಗೊತ್ತಿತ್ತು.

ಮನೆಯಲ್ಲಿ ಕೇಳಿದ ಕಥೆಯೊಂದನ್ನು ಕನ್ನಡದಲ್ಲೇ ಬರೆದು, ಅದರಲ್ಲಿ ಸಿಮಿಲಿ ಎಲ್ಲೆಲ್ಲಿದೆಯೆಂದು ಗುರುತು ಹಾಕಿ ತರಲು ಇಂಗ್ಲಿಷ್ ಮಿಸ್ ಮೊಮ್ಮಗಳಿಗೆ ಹೇಳಿದ್ದರು. ಇದರಲ್ಲೂ ಸೋತರೆ ಅವಳು ಒಂಬತ್ತರಲ್ಲೇ ಉಳಿಯಬೇಕು. ಸಿಮಿಲಿ ಎಂದರೆ ನಮ್ಮ ಉಪಮೆ ತಾನೇ ಎಂದು ನಾನು ಜಂಬದಿಂದ ಹೇಳಿಕೊಟ್ಟೆ.

"ಅಂತೆ ಅಂತ ಬಂದ್ರೆ ಸಿಮಿಲಿ ಕಣೇ. ಹುಲಿಯಂತೆ, ಹೂವಿನಂತೆ. ಅಷ್ಟೇ."

ಅವಳು ಶ್ರದ್ಧೆಯಿಂದ ಗುರುತು ಹಾಕಿದಳು. ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ, ಸಿಮಿಲಿ. ಅವನಿಗೆ ನಿದ್ದೆಯೇ ಬರುತ್ತಿರಲಿಲ್ಲವಂತೆ, ಸಿಮಿಲಿ. ಒಟ್ಟು ನಲವತ್ತೊಂದು. ನಿನ್ನೆ ಪುಸ್ತಕ ಸೊನ್ನೆ ಹೊತ್ತುಕೊಂಡು ಮನೆಗೆ ಬಂತು.

"ತಾತ, ಇದೆಲ್ಲ ಬರೀ ಗಾಳಿಮಾತು ಅಂದ್ರು ಮಿಸ್. ನಾಳೆ ಒಂದೇ ಒಂದು ಸರಿಯಾದ ಸಿಮಿಲಿ ಬರೆದ್ರೆ ಪಾಸ್ ಮಾಡ್ತಾರಂತೆ."

"ಹಾಗಾದ್ರೆ ಆ ಅಂತೆಗಳನ್ನೆಲ್ಲ ತೆಗೆದು ಬರಿ."

"ತೆಗೆದ್ರೆ ರಾಜನ್ನ ನೀನೇ ನೋಡಿದ ಹಾಗಾಗುತ್ತೆ. ನೋಡಿದ್ದೀಯಾ?"

ನಾನೇ ಹೇಳಿ ನೋಡಿದೆ. ಸಾವಿರ ಸಲ ಹೇಳಿದ ಕಥೆ. ಅಂತೆ ಇಲ್ಲದೆ ಒಂದು ವಾಕ್ಯವೂ ಎದ್ದು ನಿಲ್ಲಲಿಲ್ಲ. ಇಬ್ಬರೂ ಸಿಟ್ಟಿನಲ್ಲೇ ಮಲಗಿದೆವು.

ಇವತ್ತು ಬೆಳಿಗ್ಗೆ ಅವಳು ನನಗೆ ಹೇಳದೆ ಬೇಗ ಶಾಲೆಗೆ ಹೋಗಿ, ಮಿಸ್ ಎದುರಿಗೆ ಒಂದೇ ಸಾಲು ಬರೆದು ಪಾಸಾಗಿ ಬಂದಿದ್ದಾಳೆ: "ನಮ್ಮ ತಾತ ಕತ್ತೆಯಂತೆ."

ಅದು ಉಪಮೆಯೋ ಗಾಳಿಮಾತೋ, ಕೇಳುವ ಧೈರ್ಯ ನನಗಂತೂ ಇಲ್ಲ.