ಅಪ್ಪ ಅರಗು ಮೆತ್ತಿದ ಕಾರು

ಚನ್ನಪಟ್ಟಣ
೧೪ ಮಾರ್ಚ್ ೨೦೦೭, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಪುನೀತನ ಕೆಮ್ಮು ನಿಂತಿತೆ? ಅಪ್ಪ ಹೋದ ದಿನ ನಿನ್ನ ಸೊಂಟದ ಮೇಲೆ ಕೂತು ಕೆಮ್ಮುತ್ತಲೇ ಇದ್ದ. ನಿನ್ನ ಅತ್ತೆ ಶಿವಲಿಂಗಮ್ಮನವರ ಮಂಡಿನೋವು ಹೇಗಿದೆ? ಭಾವನಿಗೆ ಬಿಡದಿಯ ಕಂಪನಿಯಲ್ಲಿ ಇನ್ನೂ ರಾತ್ರಿ ಪಾಳಿಯೇ? ನಿನ್ನ ಕಾಲು ಊದಿಕೊಳ್ಳುತ್ತಿದ್ದರೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡಬೇಡ. ನೀನು ಮತ್ತೆ ಬಸುರಿ ಎಂದು ಯಾರೂ ನಮಗೆ ಹೇಳಲಿಲ್ಲ. ಆದರೆ ಅಪ್ಪನ ಹೆಣದ ಮುಂದೆ ಕೂತಿದ್ದ ಅಮ್ಮ ನಿನ್ನನ್ನು ಒಂದು ಸಲ ನೋಡಿದಳು, ಅಷ್ಟಕ್ಕೇ ತಿಳಿದುಕೊಂಡಳು. ಏಳನೆಯ ತಿಂಗಳು ನಡೆಯುತ್ತಿರಬೇಕು ಎನ್ನುತ್ತಾಳೆ. ನಾವು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಇದ್ದೇವೆ, ಅಷ್ಟೆ.

ಫೋನಿನಲ್ಲಿ ಹೇಳಬಹುದಿತ್ತು ಎಂದು ನೀನು ಬೈಯಬಹುದು. ಬೂತಿಗೆ ಹೋಗಿ ಎಷ್ಟೋ ಸಲ ನಂಬರ್ ಒತ್ತಿದೆ. ನೀನು ಹಲೋ ಎಂದ ಕೂಡಲೇ ಇಟ್ಟುಬಿಟ್ಟೆ. ಯಾರೋ ಪೋಲಿ ಎಂದುಕೊಂಡಿರುತ್ತೀಯ, ಅದು ನಾನೇ. ಎದುರಿಗೆ ನಿಂತು ಮಾತಾಡುವುದು ನನಗೆ ಚಿಕ್ಕಂದಿನಿಂದ ಆಗದು, ನಿನಗೇ ಗೊತ್ತು. ಐದನೇ ತರಗತಿವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಅವತ್ತು ನೀನು ಅಪ್ಪನ ಕಾಲ ಹತ್ತಿರ ನಿಂತು, "ಸಾಯೋಗಂಟ ನನ್ ಮಗನ್ ಮಕ ನೋಡಕ್ ಬರ್ನಿಲ್ವಲ್ಲಪ್ಪ ನೀನು, ಈಗ ನಾನ್ಯಾಕೆ ಬರ್ಬೇಕಾಗಿತ್ತು" ಎಂದೆ. ಮಣ್ಣಾದ ಮೇಲೆ ಮನೆಯಲ್ಲಿ ನೀರೂ ಕುಡಿಯದೆ ಬಸ್ ಹತ್ತಿದೆ. ಹಾಲುತುಪ್ಪಕ್ಕೂ ಬರಲಿಲ್ಲ, ತಿಥಿಗೂ ಬರಲಿಲ್ಲ. ಅಕ್ಕಾ, ಅಪ್ಪ ಬರಲಿಲ್ಲ ಎನ್ನುವುದು ಸರಿಯಲ್ಲ. ಅಪ್ಪ ನಿನ್ನ ಮನೆಗೆ ಹೊರಟಿದ್ದ. ಕೆಂಗಲ್‌ವರೆಗೂ ಬಂದಿದ್ದ. ಅದು ನಿನಗೆ ಗೊತ್ತಾಗಲೇಬೇಕು, ಆಮೇಲೆ ನೀನು ನಮ್ಮನ್ನು ಬೇಕಾದರೆ ಬಿಡು.

ಅಪ್ಪನ ಸಿಟ್ಟು ನಿನಗೆ ಗೊತ್ತಿದ್ದದ್ದೇ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂದು ಅಪ್ಪ ತೊಟ್ಟಿಲು ತೊಳೆದು ಕಾದಿದ್ದ. ನಿನ್ನ ಅತ್ತೆ ಬಂದು, ಬೊಂಬೆ ಕಡೆಯುವ ಮನೆ, ಮರದ ಧೂಳು, ಅರಗಿನ ಹೊಗೆ, ಎಳೆಗೂಸಿಗೆ ಆಗದು, ನಮ್ಮೂರು ಕಲ್ಯದಲ್ಲೇ ಹೆರಿಗೆ ಮಾಡಿಸುತ್ತೇವೆ ಎಂದರು. ನೀನೂ ತಲೆಯಾಡಿಸಿದೆ.  ಅವರು ಹೋದ ಮೇಲೆ ಅಪ್ಪ ನಿನ್ನನ್ನು ಕೇಳಿದ್ದು ಒಂದೇ ಮಾತು, "ಈ ಧೂಳ್ನಾಗೇ ಅಲ್ವೇನವ್ವ ನೀನು ಅಂಬೆಗಾಲಿಕ್ಕಿದ್ದು?" ಅಲ್ಲಿಂದಾಚೆ ನಾಮಕರಣಕ್ಕೂ ಬರಲಿಲ್ಲ, ನಿನ್ನ ಹೆಸರನ್ನೂ ಎತ್ತಲಿಲ್ಲ. ನಾನು ಮತ್ತು ಅಮ್ಮ ಅಪ್ಪನ ಮನಸ್ಸು ಕಲ್ಲಾಯಿತು ಎಂದುಕೊಂಡಿದ್ದೆವು.

ಸಂಕ್ರಾಂತಿ ಆದ ಮೇಲೆ ಒಂದು ದಿನ ಅಪ್ಪ ನಡುಮನೆಯಲ್ಲಿದ್ದ ಬೊಂಬೆ ಕಡೆಯುವ ಮಿಷನ್ ಬಿಚ್ಚತೊಡಗಿದ. ಅದನ್ನು ಹಿತ್ತಲ ಚಪ್ಪರಕ್ಕೆ ಸಾಗಿಸಿದೆವು. ಅಮ್ಮ ಕೇಳಿದ್ದಕ್ಕೆ, "ಇತ್ಲಾಗೆ ಬೆಳಕು ಚೆನ್ನಾಗೈತೆ ಕಣಮ್ಮಿ" ಎಂದ. ಆಮೇಲೆ ನಡುಮನೆಗೆ ತಾನೇ ಸುಣ್ಣ ಹೊಡೆದ. ತೊಲೆಯ ಸಂದಿಯಲ್ಲಿ ಕೂತಿದ್ದ ಧೂಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ. ಅವತ್ತು ನೀನು ಬಂದಾಗ ನಡುಮನೆ ಖಾಲಿ ಇದ್ದದ್ದನ್ನು ನೋಡಿ ಮಿಷನ್ ಮಾರಿದರು ಎಂದುಕೊಂಡಿರಬಹುದು. ಈಗೆಲ್ಲ ಪ್ಲಾಸ್ಟಿಕ್ ಬೊಂಬೆ ಬಂದು ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಜನ ಮಿಷನ್ ಮಾರಿ ಫ್ಯಾಕ್ಟರಿ ಸೇರಿದ್ದಾರಲ್ಲ. ನಾವು ಮಾರಿಲ್ಲ. ನೀನೂ ಮಗುವೂ ಬಂದು ಇರಲಿ ಎಂದು ಸರಿಸಿದ್ದು.

ಕಾರಿನ ವಿಷಯ ನಿನಗೆ ಗೊತ್ತಿಲ್ಲ. ಹೈವೇ ಅಂಗಡಿಗಳಿಗೆ ಬೊಂಬೆ ಹಾಕಲು ಹಳೆಯ ಸಣ್ಣ ಕಾರೊಂದನ್ನು ಕೊಂಡಿದ್ದೆವು. ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿರುವ ಮುಕ್ತಿಯಾರಣ್ಣ ಕೊಡಿಸಿದ. ಅದರ ಇಂಜಿನ್ ನೀರು ಸೋರತೊಡಗಿತ್ತು. ಥರ್ಮೋಸ್ಟಾಟ್ ಹೌಸಿಂಗ್ ಹೋಗಿದೆ ಎಂದ. ಅದೇನು ದೊಡ್ಡದಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಅಲ್ಯೂಮಿನಿಯಂ ಬಟ್ಟಲು, ಇಂಜಿನ್ನಿನ ನೀರು ರೇಡಿಯೇಟರಿಗೆ ಹೋಗುವ ಪೈಪು ಅದಕ್ಕೆ ಸೇರುತ್ತದೆ. ಅದರೊಳಗೆ, ಇಂಜಿನ್ ಕಾದ ಮೇಲೆ ತೆರೆದು ನೀರು ಬಿಡುವ ಒಂದು ಸಣ್ಣ ಬಾಗಿಲಿದೆ. ನಾವು ಹೊಯ್ದ ಬೋರ್‌ವೆಲ್ ನೀರಿನ ಉಪ್ಪಿಗೆ ಬಟ್ಟಲು ಸವೆದು ಸೀಳಿತ್ತು. "ಬೆಂಗ್ಳೂರಿಂದ ಮಾಲು ಬರ್ಬೇಕು, ಶುಕ್ರವಾರಕ್ಕೆ ಹಾಕ್ಕೊಡ್ತೀನಿ, ಅಲ್ಲಿಗಂಟ ದೂರ ಓಡಿಸ್ಬ್ಯಾಡ ಸ್ವಾಮಿ" ಎಂದ.

ಅಪ್ಪ ಕಾಯಲಿಲ್ಲ. ಭಾನುವಾರ ಭಾವ ಮನೆಯಲ್ಲಿರುತ್ತಾರೆ, ಅವತ್ತೇ ಹೋಗಬೇಕು ಎಂದು ಕೂತ. ಬಸ್ಸಿನಲ್ಲಿ ಹೋಗೋಣ ಎಂದೆ. "ಬಸ್ನಾಗೆ ಓಗಿ ಬಾ ಮಗ್ಳೆ ಅಂತ ಕರಿಯಕಾಯ್ತದೇನ್ಲಾ? ಎಳೆ ಮಗೀನ ರಾಮನಗರದ ಬಸ್‌ಸ್ಟ್ಯಾಂಡ್ನಾಗೆ ನಿಲ್ಸಾದಾ?" ಎಂದ. ನಿನ್ನನ್ನು ನೋಡಿಕೊಂಡು ಬರಲು ಹೊರಟದ್ದಲ್ಲ, ಕರೆದುಕೊಂಡು ಬರಲು ಹೊರಟದ್ದು ಎಂದು ನನಗೆ ಆಗ ಗೊತ್ತಾಯಿತು.

ನಮ್ಮ ಅಪ್ಪನಿಗೆ ಅರಗಿನಿಂದ ಆಗದ್ದು ಈ ಲೋಕದಲ್ಲಿ ಇಲ್ಲವಲ್ಲ. ಕುಡುಗೋಲಿನ ಹಿಡಿ ಕಳಚಿದರೆ ಅರಗು, ಛತ್ರಿಯ ಕಾವು ಮುರಿದರೆ ಅರಗು, ನಿನ್ನ ಸ್ಲೇಟಿನ ಚೌಕಟ್ಟಿಗೂ ಅರಗು. ಹಳದಿ ಅರಗಿನ ಕಡ್ಡಿಯನ್ನು ಸೀಮೆಎಣ್ಣೆ ಸ್ಟೌವಿನಲ್ಲಿ ಕಾಯಿಸಿ ಆ ಸೀಳಿಗೆ ಮೆತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತಂದ. ಬೊಂಬೆಯ ಹೊಟ್ಟೆಗೆ ಹಚ್ಚಿದ ಹಾಗೆ ನಯವಾಗಿತ್ತು. ಬಿಸಿಗೆ ಕರಗುವುದಿಲ್ಲವೇ ಎಂದು ಮುಕ್ತಿಯಾರಣ್ಣ ನಕ್ಕ. ಅದಕ್ಕೆ ಅಪ್ಪ ಇಂಜಿನ್ ಚಾಲೂ ಮಾಡಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಆ ಬಟ್ಟಲ ಮೇಲೆ ಕೈಯಿಟ್ಟು, "ಮುಟ್ಟು ಬಾ ಸಾಬಿ, ತಣ್ಣಗೈತೆ. ನೀರಿರೋ ಕಡೆ ಕಾವೆಲ್ಲಿಂದ ಬತ್ತದೆ" ಎಂದ. ನಾನೂ ಮುಟ್ಟಿ ನೋಡಿದೆ. ನಿಜವಾಗಿ ತಣ್ಣಗಿತ್ತು. ಮುಕ್ತಿಯಾರಣ್ಣ, "ಒಳ್ಗಿನ ಬಾಗ್ಲು ಇನ್ನೂ ತೆಗ್ದಿಲ್ಲ ಕೆಂಚಯ್ಯಣ್ಣ. ಕಾವು ಒಸಿ ಏರ್ಬೇಕು, ಆಮ್ಯಾಕೆ ತೆಗಿತದೆ, ಆಗ ನೋಡು" ಎಂದ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಬಿಳಿ ಪಂಚೆ ಉಟ್ಟುಕೊಂಡು ಬಂದ. ರಾಮನಗರಕ್ಕೆ ಮಾಲು ಕೊಟ್ಟು ಬರುತ್ತೇವೆ ಎಂದು ಅಮ್ಮನಿಗೆ ಹೇಳಿದ.

ಡಿಕ್ಕಿಯಲ್ಲಿ ಪುನೀತನಿಗೆ ಎಂದು ಕಡೆದ ನಡೆಯುವ ಗಾಡಿ ಇತ್ತು, ಮಕ್ಕಳು ಹಿಡಿದುಕೊಂಡು ತಳ್ಳುತ್ತವಲ್ಲ, ಅದು. ಯಾವಾಗ ಕಡೆದಿದ್ದನೋ ನನಗೂ ಗೊತ್ತಿಲ್ಲ. "ಅವ್ನು ಆಗ್ಲೇ ಓಡಾಡ್ತಾನೆ ಕಣಪ್ಪ" ಎಂದೆ. "ಓಡೋನ್ಗೆ ಗಾಡಿ ಬ್ಯಾಡ್ವೇನ್ಲಾ? ನಿಂಗ್ಯಾಕ್ಲಾ ಕಾರು ಮತ್ತೆ?" ಎಂದು ನಕ್ಕ. ಎಷ್ಟು ಕಾಲದ ಮೇಲೆ ನಕ್ಕನೋ. ಹೈವೇಗೆ ಬಂದ ಮೇಲೆ ದಾರಿಯುದ್ದಕ್ಕೂ ಮಾತು. ನಿನ್ನ ಅತ್ತೆಯವರಿಗೆ ಏನು ಹೇಳಬೇಕು ಎಂದು ನನ್ನ ಮುಂದೆ ಹೇಳಿ ಹೇಳಿ ನೋಡಿಕೊಂಡ. "ಮನೇಲಿ ಧೂಳಿಲ್ಲ ಕಣಮ್ಮ, ಬೇಕಾರೆ ನೀವೇ ಬಂದು ನೋಡಿ." ಒಂದು ಸಲ ಜೋರಾಗಿ, ಒಂದು ಸಲ ಮೆತ್ತಗೆ. ಮೆತ್ತಗೆ ಹೇಳಿದ್ದೇ ಚೆನ್ನಾಗಿದೆ ಎಂದೆ.

ಕೆಂಗಲ್ ಆಂಜನೇಯನ ಗುಡಿ ಹತ್ತಿರ ಬರುತ್ತಿದ್ದ ಹಾಗೆ ಮುಂದಿನಿಂದ ಹಬೆ ಎದ್ದಿತು. ಬಾನೆಟ್ ಎತ್ತಿದರೆ ಬಿಸಿನೀರು ಚಿಮ್ಮುತ್ತಿತ್ತು. ಹಳದಿ ಅರಗು ಇಂಜಿನ್ ಮೇಲೆಲ್ಲ ಇಳಿದಿತ್ತು. ಅಪ್ಪ ಅದನ್ನೇ ನೋಡುತ್ತ ನಿಂತ. ಸಿಟ್ಟು ಮಾಡುತ್ತಾನೆ ಎಂದುಕೊಂಡೆ, ಮಾಡಲಿಲ್ಲ. ಚಪ್ಪಲಿ ಬಿಟ್ಟು ಗುಡಿಯ ಕಡೆ ತಿರುಗಿ ಕೈಮುಗಿದ. "ಅನುಮಪ್ಪನೇ ತಡೆದ್ಬುಟ್ಟ ಕಣ್ಲಾ. ಬರೀ ಕೈಲಿ ಅವನ ಮುಂದೆ ದಾಟ್ಕಂಡೋಗಕ್ಕೆ ನೋಡುದ್ನಲ್ಲ. ಬರೋ ಶನಿವಾರ ಕಾಯಿ ಒಡಿಸ್ಬುಟ್ಟು, ಭಾನುವಾರ ಹೊರ್ಡಾನ" ಎಂದ. ದಾರಿಯಲ್ಲಿ ದೇವರ ಎದುರಿಗೆ ಗಾಡಿ ನಿಂತರೆ ಅಂದು ಮುಂದಕ್ಕೆ ಹೋಗಬಾರದು ಎನ್ನುವುದು ಅಪ್ಪನ ಕಟ್ಟು. ನಿನ್ನ ಮದುವೆ ಮಾತುಕತೆಗೆ ಹೊರಟಾಗಲೂ ಒಮ್ಮೆ ಹಾಗೆ ಹಿಂದಿರುಗಿರಲಿಲ್ಲವೇ? ನಾನು ಆಟೋ ಮಾಡಿಕೊಂಡಾದರೂ ಹೋಗೋಣ ಎಂದೆ. ಕೇಳಲಿಲ್ಲ. ಕಾರನ್ನು ಕಟ್ಟಿ ಎಳೆಸಿಕೊಂಡು ಬಂದೆವು. ದಾರಿಯಲ್ಲಿ ಹೇಳಿದ, "ಯಾರ್ಗೂ ಏಳ್ಬ್ಯಾಡ. ಕೆಂಚಯ್ಯ ಕಾರಿಗೂ ಅರಗು ಮೆತ್ತಿದ್ನಂತೆ ಅಂತ ಊರೆಲ್ಲ ನಗ್ತದೆ. ಮಗಳ್ನ ಕರ್ಕಬಂದ್ಮ್ಯಾಕೆ ನಾನೇ ಏಳ್ಕತೀನಿ."

ಆ ಗುರುವಾರ ಬೆಳಗ್ಗೆ ಹಿತ್ತಲಲ್ಲಿ ಮಿಷನ್ ಮುಂದೆ ಕೂತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ಒರಗಿದ. ಉಳಿದದ್ದು ನಿನಗೆ ಗೊತ್ತು. ಶುಕ್ರವಾರ ಬೆಂಗಳೂರಿನಿಂದ ಮಾಲು ಬಂತು. ಮುಕ್ತಿಯಾರಣ್ಣ ಅದನ್ನು ತಂದು, ನಮ್ಮ ಮನೆಯ ಜಗುಲಿಯಲ್ಲಿ ಇಟ್ಟು ಹೋದ.

ಅದು ಇಷ್ಟು ದಿನ ಹಾಗೇ ಇತ್ತು. ಮೊನ್ನೆ ಅವನೇ ಬಂದು ನನ್ನನ್ನು ಎಬ್ಬಿಸಿಕೊಂಡು ಹೋದ. ನೀರು ಬಸಿದು, ಪೈಪು ಎಳೆದು, ಬೋಲ್ಟು ಬಿಚ್ಚಿ ಹಳೆಯ ಹೌಸಿಂಗ್ ತೆಗೆದ. ಅದು ಕೂತಿದ್ದ ಜಾಗದಲ್ಲಿ ಅಪ್ಪನ ಅರಗು ಅಲ್ಲಲ್ಲಿ ಇನ್ನೂ ಕಚ್ಚಿಕೊಂಡಿತ್ತು. ಅದನ್ನು ಪೂರಾ ಕೆರೆಯದಿದ್ದರೆ ಹೊಸದು ಸರಿಯಾಗಿ ಕೂರುವುದಿಲ್ಲ, ಮತ್ತೆ ಸೋರುತ್ತದೆ. ಬ್ಲೇಡು ನನ್ನ ಕೈಗೆ ಕೊಟ್ಟು, "ನೀನೇ ಕೆರಿಯಪ್ಪ, ನನ್ ಕೈಲಾಗಲ್ಲ" ಎಂದ. ಕೆರೆದೆ. ಒಂದು ಹಳದಿ ಚುಕ್ಕೆಯೂ ಇರದ ಹಾಗೆ ಕೆರೆದೆ. ಬೊಂಬೆಗೆ ಬಣ್ಣ ಕೂರಿಸುವುದನ್ನಷ್ಟೇ ಅಪ್ಪ ನನಗೆ ಕಲಿಸಿದ್ದು ಅಕ್ಕಾ, ತೆಗೆಯುವುದನ್ನು ಕಲಿಸಿರಲಿಲ್ಲ.

ಹೊಸ ಬಾಗಿಲು, ಹೊಸ ಬಟ್ಟಲು, ಸಂದಿಗೆ ಹೊಸ ಗ್ಯಾಸ್ಕೆಟ್. ಬೋರ್‌ವೆಲ್ ನೀರು ಬೇಡ ಎಂದು ಹಸಿರು ಕೂಲೆಂಟ್ ಹೊಯ್ದ. ಇಂಜಿನ್ ಚಾಲೂ ಮಾಡಿ ಪೈಪಿನ ಮೇಲೆ ಕೈಯಿಟ್ಟು ಕಾದೆವು. ಮೊದಲು ತಣ್ಣಗೇ ಇತ್ತು. ಬಹಳ ಹೊತ್ತಿನ ಮೇಲೆ ಒಮ್ಮೆಲೇ ಬಿಸಿಯಾಯಿತು. "ತೆಗೀತು" ಎಂದ ಮುಕ್ತಿಯಾರಣ್ಣ. ಒಂದು ಹನಿಯೂ ಸೋರಲಿಲ್ಲ.

ನಿನ್ನೆ ಒಬ್ಬನೇ ಓಡಿಸಿಕೊಂಡು ಹೊರಟೆ. ಕೆಂಗಲ್ ದಾಟಿತು. ರಾಮನಗರದಲ್ಲಿ ಮಾಗಡಿ ರಸ್ತೆಗೂ ತಿರುಗಿದೆ. ಆಮೇಲೆ ನಿನ್ನ ಬಾಗಿಲಲ್ಲಿ ನಿಂತು ಏನು ಹೇಳುವುದು ಎಂದು ಯೋಚನೆ ಬಂತು. ಮೆತ್ತಗೆ ಹೇಳಿ ನೋಡಿಕೊಂಡೆ, ಜೋರಾಗಿಯೂ ಹೇಳಿ ನೋಡಿಕೊಂಡೆ.  ರಸ್ತೆ ಬದಿಯಲ್ಲಿ ಒಂದಷ್ಟು ಹೊತ್ತು ಕೂತಿದ್ದು ವಾಪಸು ಬಂದೆ. ಅದಕ್ಕೇ ಈ ಕಾಗದ.

ಭಾವನಿಗೂ ನಿನ್ನ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ಅವರ ಮೇಲೆ ಬೇಜಾರಿಲ್ಲ, ಮಗುವಿನ ಒಳ್ಳೆಯದಕ್ಕೇ ಅಂದದ್ದು. ಪುನೀತನ ಕೆನ್ನೆಗೆ ಮಾವನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಹೊತ್ತುಹೊತ್ತಿಗೆ ಊಟ ಮಾಡು, ಭಾರ ಎತ್ತಬೇಡ.

ನಿನ್ನ ತಮ್ಮ,
ಸ್ವಾಮಿ

ಮತ್ತೆ: ಕಾಗದ ಮಡಿಸುವಾಗ ಅಮ್ಮ ಏನು ಬರೆದೆ ಎಂದು ಕೇಳಿದಳು. ಓದಿ ಹೇಳಿದೆ. ಕೆಂಗಲ್ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ಈ ಭಾನುವಾರ ಹೋಗಿ ಅವಳನ್ನು ಕರೆದುಕೊಂಡು ಬರೋಣ, ನಾನೂ ಬರುತ್ತೇನೆ ಎಂದಳು. ಆದರೆ, "ಗಂಡ ಹೋಗಿ ವರ್ಸ ತುಂಬ್ದೆ ಇರೋಳು ಬಸುರಿ ಕರಿಯಕ್ಕೆ ಹೊಸಲು ದಾಟ್ಬಾರ್ದು ಕಣಪ್ಪ, ನಾನು ಕಾರ್ನಾಗೇ ಕೂತಿರ್ತೀನಿ" ಎನ್ನುತ್ತಾಳೆ. ವರ್ಷ ತುಂಬಿಲ್ಲದ್ದಕ್ಕೆ ಹಾಗಂತೆ. ಎಷ್ಟು ಹೇಳಿದರೂ ಒಪ್ಪುತ್ತಿಲ್ಲ. ಊರ ಹೊರಗೆ, ಕಲ್ಯದ ಬಸ್ ನಿಲ್ಲುವ ಜಾಗದಲ್ಲಿ ನಿಲ್ಲಿಸಿಕೊಂಡಿರುತ್ತೇನೆ. ನನಗಂತೂ ಬಾಗಿಲಿಗೆ ಬಂದು ಕರೆಯಲು ಬಾಯಿ ಬಾರದು. ಅಕ್ಕಾ, ನೀನೇ ಬಂದು ಅಮ್ಮನ ಕೈ ಹಿಡಿದು ಕಾರಿನಿಂದ ಇಳಿಸಬೇಕು.