ಇಬ್ಬರಿಗೆ ಸಾಕಾಗುವ ಬಾಯ್ಲರು

ನೀತ್, ವೇಲ್ಸ್
ನವೆಂಬರ್ 14

ಮುದ್ದು ಯೆಸ್ಟಿನ್,

ಹೇಗಿದ್ದೀಯ ಮಗನೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರಪಡಬೇಡ. ಬರೆಯೋಣವೆಂದು ಕೂತರೆ ಬೆರಳು ಮಡಚಲಾಗದ ಚಳಿ. ನಮ್ಮ ಹಳೆಯ ಬಾಯ್ಲರು ಕೊನೆಗೂ ಕೈಕೊಟ್ಟಿತು, ಮನೆಗೆ ಕಾವೂ ಇಲ್ಲ, ಬಿಸಿನೀರೂ ಇಲ್ಲ. ಕೆಟಲಿನಲ್ಲಿ ನೀರು ಕಾಯಿಸಿ ಮೈ ಒರೆಸಿಕೊಂಡು ದಿನ ದೂಡಿದೆವು. ಜೈಲಿನಲ್ಲಿ ನಿನಗೆ ಬೆಚ್ಚಗಿದೆಯೇ? ಇನ್ನೊಂದು ಕಂಬಳಿ ಕೇಳಿದರೆ ಕೊಡುತ್ತಾರೆಯೇ?

ಹೊಸದನ್ನು ಗೊತ್ತುಮಾಡಲು ಬಾಯ್ಲರು ಕೂರಿಸುವ ಹೆವಿನ್ ಎಂಬಾತ ಬಂದಿದ್ದ. ಪೋರ್ಟ್ ಟಾಲ್ಬಟ್ ಕಡೆಯವನು, ನಮ್ಮ ಮನೆಯ ಸಂಗತಿ ಏನೂ ತಿಳಿಯದವನು. ಅದೇ ಒಂದು ಸಮಾಧಾನ. ಮಹಡಿಯ ಬೀರುವಿನಲ್ಲಿದ್ದ ಬಿಸಿನೀರಿನ ಹಂಡೆಯನ್ನು ತಟ್ಟಿ, "ಇದು ನಮ್ಮತ್ತೆಗಿಂತ ಹಳೇದು. ಅತ್ತೆಯಾದ್ರೂ ಆಗಾಗ ಬಿಸಿಯಾಗ್ತಾರೆ" ಎಂದ. ನಕ್ಕುಬಿಟ್ಟೆ. ನಗುವುದು ಮರೆತೇ ಹೋಗಿತ್ತೇನೋ, ಗಂಟಲು ನೋಯಿತು.

ಆಮೇಲೆ ಅಡಿಗೆಮನೆಯಲ್ಲಿ ಕೂತು ವಿವರಿಸಿದ. "ಕಾಂಬಿ ಅಂತ ಬರುತ್ತೆ. ಅದನ್ನ ಹಾಕಿಸ್ಕೊಂಡ್ರೆ ಹಂಡೆನೇ ಬೇಡ. ಈ ಗೋಡೆ ಮೇಲೆ ಇಷ್ಟಗಲದ ಒಂದು ಪೆಟ್ಟಿಗೆ, ಅಷ್ಟೇ. ಮನೆನೂ ಬೆಚ್ಚಗಿಡುತ್ತೆ, ನಲ್ಲಿ ತಿರುಗಿಸಿದಾಗ ನೀರೂ ಕಾಯಿಸುತ್ತೆ. ಮೇಲಿನ ಬೀರು ಪೂರ್ತಿ ನಿಮಗೇ ಉಳೀತು. ಒಂದೇ ತೊಂದ್ರೆ. ಒಬ್ರು ಸ್ನಾನ ಮಾಡ್ತಿರುವಾಗ ಕೆಳಗೆ ಇನ್ನೊಬ್ರು ಪಾತ್ರೆ ತೊಳೆದ್ರೆ, ನೀರು ತಣ್ಣಗಾಗಿ ಮೇಲಿನವರು ಕಿರುಚ್ಕೋತಾರೆ. ಜನ ಜಾಸ್ತಿ ಇದ್ರೆ ಹೊಸ ಹಂಡೆ ಇಡ್ಸೋದೇ ಮೇಲು. ಎಷ್ಟು ಜನ ಇದ್ದೀರಮ್ಮ ಮನೇಲಿ?"

"ಮೂರು ಜನ" ಎಂದೆ ನಾನು.

"ಇಬ್ರು" ಎಂದರು ನಿನ್ನ ಅಪ್ಪ.

ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಹೆವಿನ್ ನಕ್ಕು, "ಎಣಿಸ್ಕೊಂಡು ಹೇಳಿ, ಅಷ್ಟರಲ್ಲಿ ಹೊಗೆಕೊಳವೆಗೆ ಜಾಗ ನೋಡ್ಕೊಂಡು ಬರ್ತೀನಿ" ಎಂದು ಹಿತ್ತಲಿಗೆ ಹೋದ.

"ಮಾರ್ಚಲ್ಲಿ ಅವನನ್ನ ಬಿಡ್ತಾರಲ್ಲ, ಆಲ್ವಿನ್" ಎಂದೆ.

"ಬಿಡಲಿ."

"ಬಿಟ್ರೆ ಮನೆಗೇ ತಾನೇ ಬರೋದು?"

ಅವರು ನನ್ನ ಮುಖ ನೋಡಲಿಲ್ಲ. "ನಾಲ್ಕು ಜನ ಇದ್ವಿ, ಐರ್ಲಿಸ್. ಆಗ ಹಂಡೆ ಬೇಕಿತ್ತು. ಅರ್ಧ ಹಂಡೆ ನೆರಿಸ್ ಒಬ್ಳೇ ಖಾಲಿ ಮಾಡ್ತಿದ್ಳು, ನಾನು ಬಚ್ಚಲ ಬಾಗಿಲು ಬಡೀತಿದ್ದೆ. ಈಗ ಯಾರಿದ್ದಾರೆ ಅಂತ ಬಡೀಲಿ?"

ನಿನ್ನ ತಂಗಿಯ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಅಪಘಾತವಾದ ಮೇಲೆ ಅದೇ ಮೊದಲು. ಅಂದು ನೀನು ಕುಡಿದಿದ್ದೆ ಎಂಬುದನ್ನು ನಾನೂ ಮರೆತಿಲ್ಲ ಕಂದ. ಆದರೆ ಪಕ್ಕದಲ್ಲಿ ಕೂತು ಜೀವ ಬಿಟ್ಟವಳೂ ನನ್ನವಳೇ, ಕಾರಿನ ಸ್ಟಿಯರಿಂಗ್ ಹಿಡಿದಿದ್ದವನೂ ನನ್ನವನೇ. ನಾನು ಇಬ್ಬರಿಗಾಗಿಯೂ ಅಳುತ್ತೇನೆ. ನಿನ್ನ ಅಪ್ಪನಿಗೆ ಒಬ್ಬಳಿಗಾಗಿ ಅಳುವುದಕ್ಕೇ ಇನ್ನೂ ಆಗಿಲ್ಲ.

ಹೆವಿನ್ ಒಳಗೆ ಬಂದು, "ಏನು, ಲೆಕ್ಕ ಸಿಕ್ತಾ?" ಎಂದ. ಅಪ್ಪ ಆಗ ನನ್ನ ಮುಖ ನೋಡಿದರು.

"ಇಬ್ರು. ಕಾಂಬಿನೇ ಹಾಕಪ್ಪ" ಎಂದೆ ನಾನೇ.

ಮಂಗಳವಾರ ಹಂಡೆಯನ್ನು ಬಿಚ್ಚಿ ಒಯ್ದರು. ಈಗ ಮನೆಯೆಲ್ಲ ಬೆಚ್ಚಗಿದೆ. ಆದರೆ ಆ ಬೀರು ತಣ್ಣಗಾಗಿದೆ. ಅಲ್ಲಿಟ್ಟ ಟವೆಲುಗಳು ಮೊದಲಿನ ಹಾಗೆ ಬಿಸಿಬಿಸಿಯಾಗಿ ಕೈಗೆ ಬರುವುದಿಲ್ಲ. ಅಷ್ಟು ಜಾಗ ಸಿಕ್ಕಿತಲ್ಲ, ಏನಿಡಬೇಕೆಂದು ನನಗಿನ್ನೂ ತೋಚಿಲ್ಲ.

ಊಟ ಬಿಡಬೇಡ. ಯಾರೊಂದಿಗೂ ಜಗಳಕ್ಕೆ ಹೋಗಬೇಡ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಅಮ್ಮ,
ಐರ್ಲಿಸ್

ತಾ. ಕ.: ಬಿಡುಗಡೆಯಾದ ಮೇಲೆ ಎಲ್ಲಿರುತ್ತೀಯೆಂದು ಅಧಿಕಾರಿಗಳು ಕೇಳುತ್ತಿದ್ದಾರೆ, ನಮ್ಮ ವಿಳಾಸ ಕೊಡಲೇ ಎಂದು ಬರೆದಿದ್ದೆಯಲ್ಲ. ಕೊಡಬೇಡ ಮಗನೆ. ಅಪ್ಪ ಬೇಡವೆನ್ನಲಿಲ್ಲ. "ಅವನು ಬರ್ಲಿ, ನಾನು ಬೇರೆ ಕಡೆ ಇರ್ತೀನಿ" ಎಂದು ತಮ್ಮ ಬಟ್ಟೆಯ ಪೆಟ್ಟಿಗೆ ತೆಗೆದಿಟ್ಟರು. ಅದನ್ನು ಮತ್ತೆ ಅಟ್ಟಕ್ಕೆ ಹಾಕಿದವಳು ನಾನು. ನಿನ್ನನ್ನು ಎಲ್ಲಿಟ್ಟರೂ ಬಸ್ಸು ಹತ್ತಿ ನಾನು ಬರುತ್ತೇನೆ. ನೀನು ಮಾತ್ರ ಬರಬೇಡ.